ಅಮೆರಿಕದ ಫಲಿತಾಂಶ, ಬೀರಪ್ಪನ ಭಂಡಾರ

ನಾನು ಹಟಮಾರಿ ಎಂದು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದಲೂ ಹೇಳುತ್ತಾರೆ. ಹೇಳಲಿ. ಹುನಗುಂದದ ಒಂದು ಕಾಲೇಜಿನಲ್ಲಿ ಹದಿನಾರು ವರ್ಷ ಅತಿಥಿ ಉಪನ್ಯಾಸಕಿಯಾಗಿ ರಾಜ್ಯಶಾಸ್ತ್ರ ಕಲಿಸಿದವಳಿಗೆ ಹಟವೂ ಇಲ್ಲದಿದ್ದರೆ ಇನ್ನೇನು ಉಳಿಯುತ್ತಿತ್ತು? ಅತಿಥಿ ಎಂದರೆ ಪ್ರತಿ ಜೂನ್‌ನಲ್ಲಿ ಕರೆದರೆ ಬರಬೇಕು, ಕರೆಯದಿದ್ದರೆ ಸುಮ್ಮನೆ ಮನೆಯಲ್ಲಿರಬೇಕು. ಹದಿನಾರು ವರ್ಷ ಒಂದೇ ಮನೆಗೆ ಬಂದುಹೋಗುವ ಅತಿಥಿಯನ್ನು ಬೇರೆಲ್ಲಿಯೂ ನಾನು ನೋಡಿಲ್ಲ.

ಪರದೇಶದ ಚುನಾವಣೆಗಳ ಹುಚ್ಚು ನನಗೆ ಬಂದದ್ದು ಅಪ್ಪನಿಂದ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದ ಅವರು ರೇಡಿಯೊ ಕಿವಿಗೆ ಹಚ್ಚಿಕೊಂಡು ಯಾವ ದೇಶದಲ್ಲಿ ಯಾರು ಗೆದ್ದರು, ಯಾರು ಬಿದ್ದರು ಎಂದು ಕೇಳುತ್ತಿದ್ದರು. ಆದರೆ ತಮ್ಮ ಓಣಿಯ ಮತಗಟ್ಟೆಗೆ ಒಮ್ಮೆಯೂ ಹೋದವರಲ್ಲ. "ಯಾರಿಗೆ ಹಾಕಿದ್ರೂ ಅಷ್ಟ" ಎನ್ನುತ್ತಿದ್ದರು. ಓದು ಹೆಚ್ಚು, ಮಾತು ಹೆಚ್ಚು, ಬೆರಳಿಗೆ ಮಸಿ ಮಾತ್ರ ಇಲ್ಲ. ಅಪ್ಪನ ಮೇಲೆ ಬಹಳ ಪ್ರೀತಿ ನನಗೆ. ಈ ಒಂದು ವಿಷಯಕ್ಕೆ ಮಾತ್ರ ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ನವೆಂಬರ್‌ನಲ್ಲಿ ಅಮೆರಿಕದ ನಡು ಅವಧಿ ಚುನಾವಣೆ ಬಂತು. ಅಲ್ಲಿಯ ರಾತ್ರಿ ನಮಗೆ ಹಗಲು, ಹಾಗಾಗಿ ಎಣಿಕೆ ಶುರುವಾದಾಗ ನಾನು ಇಳಕಲ್‌ನಿಂದ ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿದ್ದೆ. ಉತ್ತರದ ಕಡೆಯ, ಸಮುದ್ರದಂಥ ಕೆರೆಗಳ ಮಗ್ಗುಲಿನ ಒಂದು ರಾಜ್ಯವನ್ನು ಆ ವರ್ಷದ ಪಾಠಕ್ಕೆಂದು ಆರಿಸಿಕೊಂಡಿದ್ದೆ. ಇಡೀ ಅಮೆರಿಕವನ್ನು ಹೇಳಹೊರಟರೆ ಹುಡುಗಿಯರು ಆಕಳಿಸುತ್ತಾರೆ. ಒಂದು ರಾಜ್ಯ ಹಿಡಿದರೆ ಕತೆಯ ಹಾಗೆ ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಫೋನು ನೋಡುತ್ತ ಕುಳಿತಿದ್ದಾಗ ಇತಿಹಾಸದ ಮಾಸ್ತರರು ಕೆಣಕಿದರು.

"ಏನ್ರಿ ಮೇಡಂ, ಅಮೇರಿಕಾದಾಗ ನಿಮ್ಮ ಬೀಗರೇನರ ನಿಂತಾರೇನು?"

"ಬೀಗರಾದ್ರೂ ನಿಂತಾರ್ರಿ ಸರ, ನೀವು ನಿಂತ್ರ ಡಿಪಾಜಿಟ್ಟೂ ಉಳಿಯೂದಿಲ್ಲ" ಎಂದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಎರಡು ದಿನದಲ್ಲಿ ಚಿತ್ರ ಸ್ಪಷ್ಟವಾಯಿತು. ನಡು ಅವಧಿಯಲ್ಲಿ ಅಧ್ಯಕ್ಷನ ಕಡೆಯವರು ಸೋಲುವುದು ಅಲ್ಲಿಯ ವಾಡಿಕೆ. ಈ ರಾಜ್ಯದಲ್ಲಿ ಉಲ್ಟಾ ಆಯಿತು. ಎಷ್ಟೋ ದಶಕಗಳ ಮೇಲೆ ಎರಡೂ ಸದನಗಳು ಕೂದಲೆಳೆಯ ಅಂತರದಲ್ಲಿ ಅವರ ಕೈಗೆ ಬಂದವು. ಮೇಲಿನ ಮೂರು ಹುದ್ದೆಗಳಿಗೆ ಮೂವರು ಹೆಂಗಸರೇ ಮತ್ತೆ ಆರಿಸಿ ಬಂದರು. ನಾನು ದ್ವಿತೀಯ ಪಿಯು ತರಗತಿಯ ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದೆ. ಅಮೆರಿಕದ ನಡು ಅವಧಿ ಚುನಾವಣೆ. ಗವರ್ನರ್: ಹೆಣ್ಣು. ರಾಜ್ಯದ ಕಾರ್ಯದರ್ಶಿ: ಹೆಣ್ಣು. ಅಟಾರ್ನಿ ಜನರಲ್: ಹೆಣ್ಣು. ಎರಡೂ ಸದನ: ಕೈ ಬದಲು. ರಾಜ್ಯಪಾಲರನ್ನು ಜನ ಆರಿಸುವುದೇ ಎಂದು ಹುಡುಗಿಯರು ಬೆರಗಾದರು. ನಮ್ಮಲ್ಲಿ ಮೇಲಿನಿಂದ ಕಳಿಸುತ್ತಾರೆ, ಅಲ್ಲಿ ಕೆಳಗಿನಿಂದ ಹತ್ತಿಸುತ್ತಾರೆ ಎಂದು ಹೇಳಿ ಪಾಠ ಮುಗಿಸಿದೆ.

ಆ ಮಧ್ಯಾಹ್ನವೇ ಒಬ್ಬ ವಿದ್ಯಾರ್ಥಿನಿಯ ತಾಯಿ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಮಾಡಲು ಬಂದಿದ್ದಳು. ಐಹೊಳೆ ದಾರಿಯ ಒಂದು ಹಳ್ಳಿಯವಳು. ಮನೆತುಂಬ ಕುರಿ, ಮನೆದೇವರು ಬೀರಪ್ಪ. ಆಫೀಸಿನಲ್ಲಿ ಕ್ಲರ್ಕ್ ಊಟಕ್ಕೆ ಹೋಗಿದ್ದರಿಂದ ನನ್ನ ತರಗತಿಯ ಕೊನೆಯ ಬೆಂಚಿನ ಮೇಲೆ ಕಾಯುತ್ತ ಕುಳಿತಿದ್ದಳು. ನಾನು ಮರೆತ ಪುಸ್ತಕ ತರಲು ಹೋದರೆ, ಏಳನೆಯ ಇಯತ್ತೆಯವರೆಗೆ ಓದಿದ್ದ ಆಕೆ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು.

"ಅಕ್ಕೋರ, ನಡು ಅವಧಿ ಅಂದ್ರ ಏನ್ರಿ?"

"ದೊಡ್ಡ ಕುರ್ಚಿ ಮ್ಯಾಲ ಕುಂತಾಂವಗ ಅಲ್ಲಿ ನಾಕ್ ವರ್ಷ ಇರ್ತಾವು. ಎರಡು ವರ್ಷಕ್ಕ ಮಂದಿ ಮತ್ತ ಓಟು ಹಾಕ್ತಾರ. ಅಂವನ ಕುರ್ಚಿ ಹೋಗೂದಿಲ್ಲ, ಅಂವನ ಕಡಿಯವರ ಕುರ್ಚಿ ಅಳ್ಳಾಡ್ತಾವ."

"ಮೂರೂ ಹೆಣ್ಮಕ್ಕಳೇನ್ರಿ?"

"ಮೂರೂ."

ಆಕೆ ಬೋರ್ಡಿನ ಕಡೆ ಬೆರಳು ತೋರಿಸಿದಳು. "ಮತ್ತ ಅವರ ಮನಿ ಗಂಡಸರು ಎಲ್ಲಿ ಕೂಡ್ತಾರ್ರಿ?"

ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಆಗ ಗೊತ್ತಾಯಿತು, ಅದು ತಮಾಷೆಯ ಪ್ರಶ್ನೆಯಲ್ಲ. ಆಕೆ ತನ್ನ ಊರಿನ ಗ್ರಾಮ ಪಂಚಾಯಿತಿಯ ಸದಸ್ಯೆ. ಎರಡು ವರ್ಷದಲ್ಲಿ ಆ ಕಟ್ಟಡದ ಒಳಗೆ ಎರಡೇ ಸಲ ಹೋಗಿದ್ದಳು, ಒಮ್ಮೆ ಪ್ರಮಾಣವಚನಕ್ಕೆ, ಒಮ್ಮೆ ಧ್ವಜಾರೋಹಣಕ್ಕೆ. ಸಭೆಗೆ ಗಂಡ ಹೋಗುತ್ತಾನೆ. ಹಾಜರಿ ಪುಸ್ತಕ ಸಂಜೆ ನೀರುಗಂಟಿಯ ಕಂಕುಳಲ್ಲಿ ಮನೆಗೆ ಬರುತ್ತದೆ, ಆಕೆ ರೊಟ್ಟಿ ಬಡಿಯುವ ಕೈ ಒರೆಸಿಕೊಂಡು ಸಹಿ ಮಾಡುತ್ತಾಳೆ. ಹದಿಮೂರು ಸದಸ್ಯರಲ್ಲಿ ಏಳು ಜನ ಹೆಂಗಸರು. ಏಳೂ ಮನೆಗೆ ಪುಸ್ತಕ ಹೀಗೆಯೇ ತಿರುಗುತ್ತದೆ.

"ನಮ್ಮ ಪಂಚಾಯ್ತ್ಯಾಗೂ ನಡು ಅವಧಿ ಐತ್ರಿ ಅಕ್ಕೋರ. ಎರಡೂವರಿ ವರ್ಷಕ್ಕ ಅಧ್ಯಕ್ಷರ ಕುರ್ಚಿ ಬದಲಾಗತೈತಿ" ಎಂದಳು. ಖರೆ. ರಾಜ್ಯಶಾಸ್ತ್ರ ಕಲಿಸುವ ನನಗೆ ಅಮೆರಿಕದ ನಡು ಅವಧಿ ಹೊಳೆದಿತ್ತು, ಮಗ್ಗುಲಿನ ಹಳ್ಳಿಯದು ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು.

ಮುಂದಿನ ಬೇಸಿಗೆಯಲ್ಲಿ ಮೀಸಲಾತಿ ಪಟ್ಟಿ ಬಂತು. ಎರಡನೆಯ ಅರ್ಧಕ್ಕೆ ಅಧ್ಯಕ್ಷ ಸ್ಥಾನ ಆಕೆಯ ವರ್ಗದ ಮಹಿಳೆಗೆ ಮೀಸಲು. ಅರ್ಹರು ಇಬ್ಬರೇ. ಒಬ್ಬಳು ಈಕೆ. ಇನ್ನೊಬ್ಬಳು ಊರ ಯಜಮಾನರ ಕಿರಿಯ ಸೊಸೆ. ಆ ಯಜಮಾನರ ಮಾತು ಮೀರಿ ಆ ಊರಿನಲ್ಲಿ ಬೋರ್‌ವೆಲ್ ಕೂಡ ಬೀಳುತ್ತಿರಲಿಲ್ಲ. ಅವರು ಕಟ್ಟೆಯ ಮೇಲೆ ಕುಳಿತು, ನಮ್ಮ ಸೊಸೆ ಅವಿರೋಧ ಆಯ್ಕೆ ಎಂದು ಹೇಳಿ ಎಲೆ ಅಡಿಕೆ ಹಂಚಿಬಿಟ್ಟರು. ಸೊಸೆಗೆ ಈ ಸುದ್ದಿ ಗೊತ್ತಾದದ್ದು ಎಲೆ ಅಡಿಕೆಯ ತಟ್ಟೆ ಒಳಗೆ ವಾಪಸು ಬಂದ ಮೇಲೆಯಂತೆ.

ಈಕೆ ಮಾತ್ರ, ನಾನೂ ನಿಲ್ಲುತ್ತೇನೆ ಎಂದಳು. ನೀರು ತುಂಬುವ ನಲ್ಲಿಯ ಹತ್ತಿರ, ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದಳು. ಯಾರು ಹೇಳಿಕೊಟ್ಟರು ಎಂದು ಯಜಮಾನರು ಹುಡುಕಿಸಿದರು. ಈಕೆ ತಾನಾಗಿಯೇ ತಿಳಿದುಕೊಂಡಿರಬಹುದು ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಕಡೆಗೆ ಕಾಲೇಜಿನ ಬೋರ್ಡಿನ ಸುದ್ದಿ ಅವರ ಕಿವಿಗೆ ಬಿತ್ತು. ಬಿಳಿ ಧೋತರ ಉಟ್ಟು ಪ್ರಿನ್ಸಿಪಾಲರ ಕೋಣೆಗೆ ಬಂದೇ ಬಿಟ್ಟರು.

ಅವರು ಹೋದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಅಂಜುಬುರುಕರು.

"ಮೇಡಂ, ಒಂದ್ ತಪ್ಪೊಪ್ಪಿಗಿ ಬರಕೊಟ್ಟಬಿಡ್ರಿ. ಈ ವರ್ಷದ ಅತಿಥಿಗಳ ಪಟ್ಟಿ ಇನ್ನೂ ಕಳಿಸಿಲ್ಲ ನಾ."

ಹೇಳಬೇಕಾದದ್ದನ್ನು ಎರಡನೆಯ ವಾಕ್ಯದಲ್ಲೇ ಹೇಳಿದ್ದರು. ನನ್ನ ಮೈ ಉರಿಯಿತು. ಅಲ್ಲಿಯೇ ಕುಳಿತು ಬರೆದುಕೊಟ್ಟೆ: "ಅಮೆರಿಕದ ಒಂದು ರಾಜ್ಯದ ಚುನಾವಣಾ ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆದದ್ದು ನಿಜ. ಓದು ಬರುವವರು ಓದಿದ್ದೂ ನಿಜ. ಮುಂದಿನ ಸಲವೂ ಬರೆಯುತ್ತೇನೆ." ಪ್ರಿನ್ಸಿಪಾಲರು ಅದನ್ನು ಎರಡು ಸಲ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಜೂನ್ ಬಂತು, ಪಟ್ಟಿ ಬಂತು, ನನ್ನ ಹೆಸರು ಬರಲಿಲ್ಲ. ನಾನು ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅತ್ತೆ. ಆದರೆ ಆ ಪತ್ರ ಬರೆದದ್ದಕ್ಕೆ ಒಂದು ದಿನವೂ ಹಳಹಳಿಸಿಲ್ಲ.

ಚುನಾವಣೆಗೆ ನಾಲ್ಕು ದಿನ ಇರುವಾಗ ಯಜಮಾನರು ನಮ್ಮ ಕಡೆಯ ಹಳೆಯ ಪದ್ಧತಿಗೆ ಕೈ ಹಾಕಿದರು. ಸದಸ್ಯರು ಆಚೀಚೆ ಸರಿಯಬಾರದೆಂದು ಅವರನ್ನು ಗಾಡಿಯಲ್ಲಿ ತುಂಬಿ ಊರು ಬಿಡಿಸುವುದು, ಓಟಿನ ದಿನ ಬೆಳಿಗ್ಗೆ ನೇರ ಪಂಚಾಯಿತಿಯ ಬಾಗಿಲಿಗೆ ಇಳಿಸುವುದು. ಹೊರಡುವ ಮೊದಲು ಬೀರಪ್ಪನ ಗುಡಿಯಲ್ಲಿ ಭಂಡಾರ ಮುಟ್ಟಿಸಿದರು. ಭಂಡಾರವೆಂದರೆ ದೇವರ ಅರಿಷಿಣದ ಪುಡಿ. ಅದನ್ನು ಮುಟ್ಟಿ ಆಡಿದ ಮಾತು ತಪ್ಪಿದರೆ ಕುರಿ ಉಳಿಯುವುದಿಲ್ಲ, ಮನೆ ಬೆಳಗುವುದಿಲ್ಲ ಎಂದು ಅಲ್ಲಿಯ ಜನ ಎದೆಯಿಂದ ನಂಬುತ್ತಾರೆ. ಆರು ಗಂಡಸು ಸದಸ್ಯರು ಮುಟ್ಟಿದರು. ಆರು ಹೆಂಗಸರ ಬದಲು ಅವರವರ ಗಂಡಂದಿರು ಮುಟ್ಟಿದರು. ಏಳನೆಯಾಕೆ ವಿಧವೆ, ಅವಳ ಬದಲು ಅವಳ ಮೈದುನ ಮುಟ್ಟಿದ. ಹದಿಮೂರು ಗಂಡಸರು ಎರಡು ಕ್ರೂಸರ್ ಗಾಡಿಗಳಲ್ಲಿ ಹೊರಟರು. ಮಹಾಕೂಟದ ಹೊಂಡದಲ್ಲಿ ಸ್ನಾನ, ಚೊಳಚಗುಡ್ಡದ ಬನಶಂಕರಿಯ ದರ್ಶನ, ಬಾದಾಮಿಯ ಲಾಡ್ಜಿನಲ್ಲಿ ವಾಸ, ಹೊತ್ತುಹೊತ್ತಿಗೆ ಖಾನಾವಳಿಯ ಊಟ. ಹೆಂಗಸರನ್ನೂ ಕರೆಯಬೇಕಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಯಜಮಾನರು ಹೇಳಿದರಂತೆ:

"ಅವರ್ನ ಕರಕೊಂಡು ಹೋದ್ರ ರೊಟ್ಟಿ ಯಾರ್ ಬಡೀಬೇಕು, ಎಮ್ಮಿ ಯಾರ್ ಹಿಂಡಬೇಕು?"

ಮರುದಿನ ಮಧ್ಯಾಹ್ನ ಆಕೆ ಇಳಕಲ್‌ಗೆ ನನ್ನ ಮನೆಗೆ ಬಂದಳು. ನೀರು ಕುಡಿದು, ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತು ಎಲ್ಲ ಹೇಳಿದಳು.

"ಒಂದು ಕೇಳ್ತೇನ್ರಿ ಅಕ್ಕೋರ, ನಗಬ್ಯಾಡ್ರಿ. ನಮ್ಮ ಮನಿ ಓಟು ಯಜಮಾನ್ರ ಸೊಸಿಗೆ ಅಂತ ನನ್ನ ಗಂಡ ಭಂಡಾರ ಮುಟ್ಟ್ಯಾನ. ನಾ ಬ್ಯಾರೆ ಮಾಡಿದ್ರ ಆಣಿ ಯಾರಿಗೆ ತಟ್ಟತೈತಿ?"

ನಾನು ನಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ, ಭಾಷಣ ಮಾಡಿದೆ. ಇದು ಮೂಢನಂಬಿಕೆ, ಸಂವಿಧಾನ ಒಬ್ಬೊಬ್ಬರಿಗೆ ಒಂದೊಂದು ಓಟು ಕೊಟ್ಟಿದೆ, ಅರಿಷಿಣ ಹುಳಿಗೆ ಹಾಕಲಿಕ್ಕೆ ಇರುವುದು ಎಂದು ಏನೇನೋ. ಆಕೆ ಕೊನೆಯವರೆಗೂ ಕೇಳಿದಳು. ಆಮೇಲೆ ಚೀಲ ಎತ್ತಿಕೊಂಡಳು.

"ನೀವು ಓದಿದ್ದನ್ನ ಹೇಳಿದ್ರಿ. ನನ್ನ ಮನ್ಯಾಗ ಕುರಿ ಅದಾವು, ಮಗಳದಾಳ. ನಾ ಓಟು ಹಾಕಿ ಹೊಳ್ಳಿ ಅದ ಮನಿಗೆ ಹೋಗಬೇಕ್ರಿ. ನನಗ ಬೀರಪ್ಪನ ಮಾತು ಬೇಕು."

ಆಕೆ ಹೋದ ಮೇಲೆ ನನಗೆ ಸಿಟ್ಟು ಬಂತು, ಮೊದಲು ಆಕೆಯ ಮೇಲೆ, ಆಮೇಲೆ ನನ್ನ ಮೇಲೆ. ಅಪ್ಪ ರೇಡಿಯೊ ಕಿವಿಗೆ ಹಚ್ಚಿಕೊಂಡು ಮಾಡಿದ್ದನ್ನೇ ನಾನು ಬಾಯಿಂದ ಮಾಡಿದ್ದೆ. ಆಕೆಗೆ ಬೇಕಾಗಿದ್ದದ್ದು ನನ್ನ ತಿಳಿವಳಿಕೆಯಲ್ಲ. ನಂಬಿಕೆಯನ್ನು ಹೊಸ್ತಿಲಾಚೆ ಬಿಟ್ಟು ಬಾ ಎಂದು ಹೇಳುವುದು ನನಗೆ ಸುಲಭ, ಆ ಹೊಸ್ತಿಲು ನನ್ನದಲ್ಲ.

ಮರುದಿನ ಬೆಳಿಗ್ಗೆ ಫೋನು ಬಂತು. ಆಕೆ ಗುಡಿಗೆ ಹೋಗಿ ಮುದುಕ ಪೂಜಾರಿಯ ಮುಂದೆ ಅದೇ ಪ್ರಶ್ನೆ ಇಟ್ಟಿದ್ದಳು. ಪೂಜಾರಿ ಕಂಬಳಿ ಸರಿಮಾಡಿಕೊಂಡು ಕುಳಿತನಂತೆ. ಆಮೇಲೆ ಹೇಳಿದ್ದನ್ನು ಆಕೆ ನನಗೆ ಅವನ ದನಿಯಲ್ಲೇ ಒಪ್ಪಿಸಿದಳು.

"ಆಣಿ ಮುಟ್ಟಿದ ಕೈಗೆ ಹತ್ತತೈತಿ ತಂಗಿ. ನಿನ್ನ ಕರದು ಮುಟ್ಟಿಸಿದ್ರ ನಿನಗ ಹತ್ತತಿತ್ತು. ಆ ಯಜಮಾನಗ ನಿನ್ನ ನೆನಪ ಆಗಲಿಲ್ಲ, ಅದಕ್ಕ ಬೀರಪ್ಪ ಏನ್ ಮಾಡ್ಯಾನು? ನಿನ್ನ ಗಂಡ ತನ್ನದಲ್ಲದ್ದನ್ನ ಕೊಡ್ತೇನಿ ಅಂದಾನ. ಬಂದ ಮ್ಯಾಲ ಒಂದ್ ಕಾಯಿ ಒಡಸು, ಸಾಕು."

ನಾನು ಫೋನು ಹಿಡಿದುಕೊಂಡೇ ಜೋರಾಗಿ ನಕ್ಕೆ. ನನ್ನ ಹದಿನಾರು ವರ್ಷದ ಪಾಠ ಒಂದು ಕಡೆ, ಆ ಮುದುಕನ ನಾಲ್ಕು ಮಾತು ಒಂದು ಕಡೆ. ಹೆಂಗಸರನ್ನು ಲೆಕ್ಕಕ್ಕೇ ಹಿಡಿಯದ ಚಾಳಿ ಎಷ್ಟು ಬಲಿತಿತ್ತೆಂದರೆ, ಅವರನ್ನು ಕಟ್ಟಿಹಾಕುವಾಗಲೂ ಹಗ್ಗವನ್ನು ಗಂಡಂದಿರ ಕಾಲಿಗೇ ಕಟ್ಟಿದ್ದರು.

ಉಳಿದ ಎರಡು ದಿನ ಸದಸ್ಯೆಯರ ಮನೆಗಳಲ್ಲಿ ತಡೆಯುವ ಗಂಡಸರಿರಲಿಲ್ಲ. ಆಕೆ ಪೂಜಾರಿಯ ಮಾತು ಹಿಡಿದು ಐದು ಮನೆಗೆ ಹೋದಳು. ಹಿಟ್ಟಿನ ಕೈಯಲ್ಲಿ, ಸಗಣಿಯ ಕೈಯಲ್ಲಿ, ಕೂಸಿಗೆ ಹಾಲು ಕುಡಿಸುತ್ತ ಐದೂ ಜನ ಕೇಳಿದರು. ವಿಧವೆಯಂತೂ, ಮೈದುನ ತನ್ನ ಹೆಸರಿನಲ್ಲಿ ಖಾನಾವಳಿಯಲ್ಲಿ ಉಣ್ಣುತ್ತಿದ್ದಾನೆ, ಓಟು ಮಾತ್ರ ತಾನೇ ಹಾಕುತ್ತೇನೆ ಎಂದಳಂತೆ. ಆರನೆಯ ಮನೆ ಯಜಮಾನರದು. ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ಆ ಸೊಸೆ ಹೊರಗೆ ಕಾಣುವುದೇ ಅಪರೂಪ, ಯಾರು ಏನು ಕೇಳಿದರೂ ಹೂಂ ಅನ್ನುವುದೊಂದೇ ಗೊತ್ತು ಎಂದು ಊರು ಅವಳ ಬಗ್ಗೆ ತೀರ್ಮಾನಿಸಿಬಿಟ್ಟಿತ್ತು. ಅಂದರೆ ಈಕೆಯ ಕಡೆ ಆರು, ಆ ಕಡೆ ಆರು ಗಂಡಸರು ಮತ್ತು ಸೊಸೆ ಸೇರಿ ಏಳು. ಒಂದು ಓಟಿನಲ್ಲಿ ಸೋಲು ಖಂಡಿತ.

ಈ ಲೆಕ್ಕವನ್ನು ಆಕೆ ಫೋನಿನಲ್ಲಿ ಹೇಳಿದಾಗ ನನ್ನ ಧೈರ್ಯ ಕೈಕೊಟ್ಟಿತು. "ಸೋಲೂದು ಗ್ಯಾರಂಟಿ ಐತಲ್ಲ, ನಾಳೆ ಅವರು ನಿಮ್ಮನ್ನ ಸುಮ್ನ ಬಿಡ್ತಾರೇನು?" ಎಂದು ಕೇಳಿದೆ.

"ಸೋತರ ಸೋಲ್ತೇನ್ರಿ. ನನ್ನ ಹೆಸರಿನ ಮುಂದ ಆರು ಅಂತ ಬರೀಬೇಕಲ್ರಿ ಅವರು? ಇಷ್ಟ ದಿನಾ ನಮ್ಮನ್ನ ಯಾರೂ ಎಣಿಸಿಲ್ಲ. ಎಣಿಸಲಿ" ಎಂದಳು.

ಕೆಲಸ ಹೋದದ್ದರಿಂದ ಓಟಿನ ದಿನ ನನಗೆ ರಜೆ ಕೇಳುವ ಪ್ರಸಂಗವೇ ಬರಲಿಲ್ಲ. ಬೆಳಗಿನ ಬಸ್ಸು ಹಿಡಿದು ಹೋಗಿ ಪಂಚಾಯಿತಿಯ ಅಂಗಳದ ಬೇವಿನ ಗಿಡದ ಕೆಳಗೆ ನಿಂತೆ. ನೋಡಲಿ ಎಂದೇ ಎದ್ದು ಕಾಣುವ ಕೆಂಪು ದಡಿಯ ಸೀರೆ ಉಟ್ಟಿದ್ದೆ. ಯಜಮಾನರು ನೋಡಿದರು, ಮುಖ ತಿರುಗಿಸಿದರು. ಅವರ ಕೈಯಲ್ಲಿ ಚೆಂಡುಹೂವಿನ ಹಾರವಿತ್ತು. ಹತ್ತಕ್ಕೆ ಕ್ರೂಸರ್‌ಗಳು ಬಂದವು. ಹಣೆತುಂಬ ಕುಂಕುಮ, ನಾಲ್ಕು ದಿನದ ಖಾನಾವಳಿ ಊಟದಿಂದ ಉಬ್ಬಿದ ಮುಖ, ಹದಿಮೂರು ಜನರೂ ಅಭ್ಯಾಸದಂತೆ ಒಳಗೆ ಹೋಗಿ ಕುರ್ಚಿ ಹಿಡಿದು ಕುಳಿತರು. ಹಿಂದಿನಿಂದ ಹೋದ ಏಳು ಹೆಂಗಸರಿಗೆ ಕೂಡಲು ಜಾಗವಿರಲಿಲ್ಲ.

ತಾಲ್ಲೂಕಿನಿಂದ ಬಂದ ಚುನಾವಣಾಧಿಕಾರಿ ಕನ್ನಡಕ ಏರಿಸಿ ಎಣಿಸಿದರು. "ಸದಸ್ಯರಲ್ಲದವರು ಹೊರಗ ನಡೀರಿ."

"ನಾವು ಸದಸ್ಯರ ಮಾಲಕರ್ರಿ ಸಾಹೇಬ್ರ" ಎಂದ ಒಬ್ಬ. ಮಾಲಕರೆಂದರೆ ಗಂಡಂದಿರು.

"ಮಾಲಕರಿಗೆ ಓಟಿಲ್ಲ. ಏಳ್ರಿ."

ಏಳು ಜನ ಗಂಡಸರು ಒಬ್ಬರ ಹಿಂದೊಬ್ಬರು ಹೊರಗೆ ಬಂದು ನನ್ನ ಪಕ್ಕದಲ್ಲೇ ಗಿಡದ ನೆರಳಿಗೆ ನಿಂತರು. ಆಕೆಯ ಗಂಡನೂ ಇದ್ದ, ತೆಳ್ಳಗಿನ ಕುರಿಗಾರ. ಹೆಂಡತಿ ಕಣದಿಂದ ಹಿಂದೆ ಸರಿದಿಲ್ಲವೆಂದು ತಿಳಿದು, ಆಣೆ ತನಗೆ ತಟ್ಟುತ್ತದೆಂದು ಅಂಜಿದ್ದ. ಪೂಜಾರಿ ಹೇಳಿದ್ದನ್ನು ನಾನು ಮೆಲ್ಲಗೆ ಅವನ ಕಿವಿಗೆ ಹಾಕಿದೆ. ಒಂದು ಕಾಯಿಗೆ ಮುಗಿಯುತ್ತದೆಯೇ ಎಂದು ಎರಡು ಸಲ ಕೇಳಿ, ಉಸಿರು ಬಿಟ್ಟು, ಗಿಡದ ಬುಡದಲ್ಲಿ ಕುಳಿತ.

ಬಾಗಿಲು ಮುಚ್ಚಿ ಅರ್ಧ ಗಂಟೆಯಾಯಿತು. ಅಮೆರಿಕದ ಯಾವ ಎಣಿಕೆಗೂ ನಾನು ಹಾಗೆ ಕಾದಿರಲಿಲ್ಲ. ಸೋಲು ಗೊತ್ತಿದ್ದರೂ ಆರು ಎಂಬ ಅಂಕಿ ಕೇಳಬೇಕಿತ್ತು ನನಗೆ, ಐದಾಗಬಾರದಿತ್ತು. ಬಾಗಿಲು ತೆರೆದಾಗ ಅಧಿಕಾರಿ ಕಾಗದ ಹಿಡಿದು ನಿಂತಿದ್ದರು. ಮೊದಲು ಯಜಮಾನರ ಸೊಸೆಯ ಹೆಸರು ಓದಿದರು. ಆರು ಮತ. ಯಜಮಾನರ ಕೈಯ ಹಾರ ಅರ್ಧಕ್ಕೆ ಎದ್ದು ನಿಂತಿತು. ಆಮೇಲೆ ಈಕೆಯ ಹೆಸರು ಓದಿದರು. ಏಳು.

ಮತ್ತೊಮ್ಮೆ ಎಣಿಸಿರಿ ಎಂದು ಯಜಮಾನರು ಕೂಗಿದರು. ಎಣಿಸಿದರು. ಏಳೇ. ಸೊಸೆಯನ್ನು ಬಿಟ್ಟರೆ ಹೆಂಗಸರು ಆರೇ, ಏಳನೆಯದು ಗಂಡಸರದೇ ಇರಬೇಕೆಂದು ಸಿಟ್ಟಿನಿಂದ ಅವರು ಆರೂ ಗಂಡಸರನ್ನು ಸಾಲಾಗಿ ನಿಲ್ಲಿಸಿ, ಭಂಡಾರ ಮುಟ್ಟಿದ ನಾಲಿಗೆ ಯಾವುದು ತಪ್ಪಿತು ಎಂದು ಕೇಳಿದರು. ಆರೂ ಜನ ಬೀರಪ್ಪನ ಮೇಲೆ ಆಣೆ ಇಟ್ಟು, ನಾವು ತಪ್ಪಿಲ್ಲ ಎಂದರು. ಅವರ ಕಣ್ಣಿನ ಅಂಜಿಕೆ ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತಿತ್ತು. ಆರೂ ಓಟು ಸೊಸೆಗೇ ಬಿದ್ದಿದ್ದವು. ಹಾಗಾದರೆ ಸೊಸೆಯ ಓಟು ಎಲ್ಲಿ ಹೋಯಿತು? ಅಂಗಳದಲ್ಲಿದ್ದವರೆಲ್ಲ ಬೆರಳು ಮಡಚಿ ಲೆಕ್ಕ ಹಾಕಿದರು. ಲೆಕ್ಕ ಮುಗಿದವರು ಒಬ್ಬೊಬ್ಬರಾಗಿ ಬಾಗಿಲ ಕಡೆ ನೋಡತೊಡಗಿದರು.

ಆ ಸೊಸೆ ಹೊಸ್ತಿಲ ಮೇಲೆ ನಿಂತಿದ್ದಳು. ನಾನು ಅವಳ ಮುಖ ನೋಡಿದ್ದು ಅದೇ ಮೊದಲು. ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಯಜಮಾನರು ಅವಳ ಹತ್ತಿರ ಹೋದರು, ಹಾರ ಇನ್ನೂ ಕೈಯಲ್ಲೇ ಇತ್ತು.

"ನೀ ಯಾರಿಗೆ ಹಾಕ್ದಿ?"

ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ದನಿ ಸಣ್ಣಗಿತ್ತು, ಆದರೆ ಬೇವಿನ ಗಿಡದವರೆಗೂ ಕೇಳಿಸಿತು.

"ಅದು ಗುಪ್ತ ಇರತೈತ್ರಿ ಮಾವಾರ. ಹೇಳಾಕ ಬರೂದಿಲ್ಲ."

ಹೀಗೆಂದು ಅವಳು ತಿರುಗಿ, ಉಳಿದ ಆರು ಹೆಂಗಸರು ಕುಳಿತಿದ್ದ ಕೋಣೆಯೊಳಕ್ಕೆ ಹೋಗಿ ಒಂದು ಕುರ್ಚಿ ಎಳೆದುಕೊಂಡು ಕುಳಿತಳು.